ತಲಾ ಆದಾಯದಲ್ಲಿ ಮೊದಲು, ಮೈಯಲ್ಲಿ ರಕ್ತ ಕಡಿಮೆ: ಕರ್ನಾಟಕದ ಈ ಲೆಕ್ಕ ಹೇಗೆ?

2025ರ ಜುಲೈನಲ್ಲಿ ಒಂದು ಸುದ್ದಿ ಬಂತು. ದೊಡ್ಡ ರಾಜ್ಯಗಳ ಪೈಕಿ ತಲಾ ಆದಾಯದಲ್ಲಿ ಕರ್ನಾಟಕ ಮೊದಲ ಸ್ಥಾನಕ್ಕೇರಿದೆ ಎಂದು ಕೇಂದ್ರ ಹಣಕಾಸು ಸಚಿವಾಲಯ ಸಂಸತ್ತಿಗೆ ಕೊಟ್ಟ ಉತ್ತರದಲ್ಲಿತ್ತು. ಬೆಲೆ ಏರಿಕೆ ಕಳೆದು ನೋಡಿದರೂ 2024-25ಕ್ಕೆ 2,04,605 ರೂಪಾಯಿ. ಸಂತೋಷವೇ, ಬಿಡಿ. ಆದರೆ ಇದೇ ರಾಜ್ಯದ ಇನ್ನೊಂದು ಅಂಕಿ ಇದೆ, ಅದನ್ನು ಯಾರೂ ಅಷ್ಟು ಹಂಚಿಕೊಳ್ಳುವುದಿಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ರಾಜ್ಯದ 15ರಿಂದ 49 ವರ್ಷದ ಹೆಂಗಸರಲ್ಲಿ ಶೇ 47.8 ಮಂದಿಗೆ ರಕ್ತಹೀನತೆ ಇದೆ. ಹಿಂದಿನ ಸಮೀಕ್ಷೆಯಲ್ಲಿ ಅದು ಶೇ 44.8 ಇತ್ತು. ಕಡಿಮೆಯಾಗುವ ಬದಲು ಜಾಸ್ತಿಯಾಗಿದೆ. ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ 35.4 ಮಂದಿ ವಯಸ್ಸಿಗೆ ತಕ್ಕ ಎತ್ತರ ಬೆಳೆದಿಲ್ಲ.

ಎರಡೂ ಸರ್ಕಾರದ್ದೇ ಅಂಕಿ. ಎರಡೂ ಒಟ್ಟಿಗೆ ಹೇಗೆ ನಿಜ?

ಶಾಲೆ ಗೋಡೆ ಮೇಲೆ ‘ಆರೋಗ್ಯವೇ ಭಾಗ್ಯ’ ಅಂತ ಬರೆದಿರುತ್ತಾರಲ್ಲ, ಅರ್ಥಶಾಸ್ತ್ರಜ್ಞರು ಐವತ್ತು ವರ್ಷದಿಂದ ಜಗಳ ಆಡುತ್ತಿರುವುದು ಆ ಸಾಲಿನ ಮೇಲೆಯೇ. ಆರೋಗ್ಯ ಇದ್ದರೆ ಭಾಗ್ಯ ಬರುತ್ತದೋ, ಭಾಗ್ಯ ಇದ್ದವರಿಗೆ ಆರೋಗ್ಯ ಬರುತ್ತದೋ ಅನ್ನುವುದು ಜಗಳ.

ಸರಾಸರಿ ಮುಚ್ಚಿಡುವುದು

ಮೊದಲು ಸುಲಭದ ಉತ್ತರ. ರಾಜ್ಯದ ಒಟ್ಟು ಉತ್ಪನ್ನದಲ್ಲಿ ಮೂರನೇ ಒಂದು ಪಾಲಿಗಿಂತ ಜಾಸ್ತಿ ಬೆಂಗಳೂರು ನಗರ ಜಿಲ್ಲೆಯೊಂದರಿಂದಲೇ ಬರುತ್ತದೆ. ವೈಟ್‌ಫೀಲ್ಡ್‌ನ ಸಂಬಳವನ್ನೂ ಯಾದಗಿರಿಯ ಕೂಲಿಯನ್ನೂ ಕೂಡಿಸಿ ಭಾಗಿಸಿದರೆ ಬರುವ ಸಂಖ್ಯೆ ಇಬ್ಬರದ್ದೂ ಅಲ್ಲ. ಯಾದಗಿರಿಯಲ್ಲಿ ಅರ್ಧಕ್ಕಿಂತ ಹೆಚ್ಚು ಮಕ್ಕಳ ಬೆಳವಣಿಗೆ ಕುಂಠಿತವಾಗಿದೆ ಅಂತ ಅದೇ ಸಮೀಕ್ಷೆ ಹೇಳುತ್ತದೆ. ಅಲ್ಲಿಂದಲೇ ಗುಳೆ ಬಂದವರು ಬೆಂಗಳೂರಿನಲ್ಲಿ ಅಪಾರ್ಟ್‌ಮೆಂಟ್‌ಗಳ ಗಾರೆ ಕೆಲಸ ಮಾಡುತ್ತಾರೆ. ಅಂದರೆ ಬೆಂಗಳೂರಿನ ಜಿಡಿಪಿಯ (ಒಟ್ಟು ಉತ್ಪನ್ನದ) ಒಂದಿಷ್ಟು ಭಾಗ ಆ ಜಿಲ್ಲೆಗಳ ಮೈಯಿಂದಲೇ ಬರುತ್ತದೆ, ಆದರೆ ಜಮೆಯಾಗುವುದು ಬೆಂಗಳೂರಿನ ಖಾತೆಗೆ.

ಇನ್ನೊಂದು ಉತ್ತರ ಸ್ವಲ್ಪ ವಿಚಿತ್ರ. ಜಿಡಿಪಿಗೆ ಕಾಯಿಲೆ ಕೆಟ್ಟದ್ದಲ್ಲ! ಡೆಂಗಿ ಬಂದು ಮೂರು ದಿನ ಐಸಿಯುನಲ್ಲಿ ಮಲಗಿದರೆ ಆ ಬಿಲ್ಲು ಜಿಡಿಪಿಗೆ ಸೇರುತ್ತದೆ. ಬೀದಿಯಲ್ಲಿ ನೀರು ನಿಲ್ಲದಂತೆ ನೋಡಿಕೊಂಡು ಡೆಂಗಿಯೇ ಬರದೆ ಹೋದರೆ, ಬರದ ಕಾಯಿಲೆಗೆ ಬಿಲ್ಲು ಯಾರು ಕೊಡುತ್ತಾರೆ? ಹಾಗಾಗಿ ಒಂದು ವರ್ಷದ ಆದಾಯದ ಅಂಕಿ ನೋಡಿ ಜನ ಆರೋಗ್ಯವಾಗಿದ್ದಾರಾ ಅಂತ ಹೇಳಲು ಆಗುವುದಿಲ್ಲ. ಆರೋಗ್ಯ ಕೆಟ್ಟದ್ದರ ನಷ್ಟ ಆ ವರ್ಷದ ಲೆಕ್ಕದಲ್ಲಿ ಕಾಣುವುದಿಲ್ಲ, ಹದಿನೈದು ಇಪ್ಪತ್ತು ವರ್ಷ ಬಿಟ್ಟು ಕಾಣುತ್ತದೆ. ಇಡೀ ಗೊಂದಲದ ಬೇರು ಇದೇ ಅಂತ ನನ್ನ ಅನಿಸಿಕೆ.

ಆರೋಗ್ಯ ದುಡ್ಡಾಗುವ ದಾರಿ

ಒಂದು ಊರಿನ ದುಡಿಮೆ ಅಂದರೆ ಮೂರು ಸಂಗತಿಗಳ ಗುಣಾಕಾರ. ಎಷ್ಟು ಜನ ಕೆಲಸಕ್ಕೆ ಬರುತ್ತಾರೆ, ಎಷ್ಟು ಹೊತ್ತು ಮಾಡುತ್ತಾರೆ, ಒಂದು ಗಂಟೆಯಲ್ಲಿ ಎಷ್ಟು ಮಾಡುತ್ತಾರೆ. ಕಾಯಿಲೆ ಮೂರಕ್ಕೂ ಕೈ ಹಾಕುತ್ತದೆ.

ರಕ್ತಹೀನತೆಯನ್ನೇ ನೋಡಿ. ಹಿಮೋಗ್ಲೋಬಿನ್ ಕಡಿಮೆ ಇದ್ದರೆ ಸ್ನಾಯುಗಳಿಗೆ ಆಮ್ಲಜನಕ ಸಾಲುವುದಿಲ್ಲ. ಆಕೆ ರಜೆ ಹಾಕುವುದಿಲ್ಲ, ಆಸ್ಪತ್ರೆಗೂ ಹೋಗುವುದಿಲ್ಲ, ಸುಮ್ನೆ ಸುಸ್ತು ಅನ್ನುತ್ತಾಳೆ ಅಷ್ಟೇ. ಹಾಜರಿ ಪುಸ್ತಕದಲ್ಲಿ ಏನೂ ಕಾಣದು. 1979ರಲ್ಲಿ ಪ್ರಕಟವಾದ ಒಂದು ಅಧ್ಯಯನ ಇಂಡೋನೇಷ್ಯಾದ ರಬ್ಬರ್ ತೋಟದಲ್ಲಿ ನಡೆದದ್ದು. ಅಲ್ಲಿನ ಟ್ಯಾಪಿಂಗ್ ಕಾರ್ಮಿಕರಿಗೆ ಎಷ್ಟು ಹಾಲು ಇಳಿಸಿದರೋ ಅದರ ಮೇಲೆ ಕೂಲಿ. ರಕ್ತಹೀನತೆ ಇದ್ದ ಗಂಡಸರಿಗೆ ಎರಡು ತಿಂಗಳು ಕಬ್ಬಿಣಾಂಶದ ಮಾತ್ರೆ ಕೊಟ್ಟರು. ಅವರ ದುಡಿಮೆ ಹೆಚ್ಚೂಕಡಿಮೆ ಆರೋಗ್ಯವಂತ ಕಾರ್ಮಿಕರ ಮಟ್ಟಕ್ಕೆ ಬಂತು. ಮಾತ್ರೆಯ ಬೆಲೆ ಎಷ್ಟಿದ್ದೀತು ಹೇಳಿ.

ಈಗ ಇದನ್ನು ಪೀಣ್ಯದ, ಮೈಸೂರು ರಸ್ತೆಯ, ಬೊಮ್ಮನಹಳ್ಳಿಯ ಗಾರ್ಮೆಂಟ್ಸ್‌ಗಳಿಗೆ ಹೊಂದಿಸಿ ನೋಡಿ. ಅಲ್ಲಿ ಹೆಚ್ಚಿನವರು ಹೆಂಗಸರು, ಗಂಟೆಗೆ ಇಷ್ಟು ಪೀಸ್ ಅಂತ ಟಾರ್ಗೆಟ್. ಒಬ್ಬಳು ಕಾಲರ್ ಹೊಲಿದು ಮುಂದಿನವಳಿಗೆ ಕೊಡಬೇಕು, ಅವಳು ತೋಳು ಕೂಡಿಸಬೇಕು, ಹಾಗಾಗಿ ಒಬ್ಬಳ ಸುಸ್ತು ಒಬ್ಬಳಲ್ಲೇ ನಿಲ್ಲದೆ ಇಡೀ ಲೈನನ್ನು ನಿಧಾನ ಮಾಡುತ್ತದೆ. ಬೆಂಗಳೂರಿನ ಗಾರ್ಮೆಂಟ್ ಕಾರ್ಖಾನೆಗಳಲ್ಲೇ ಅರ್ಥಶಾಸ್ತ್ರಜ್ಞರು ಮಾಡಿದ ಇನ್ನೊಂದು ಅಧ್ಯಯನ ಇದೆ. ಹಳೆಯ ಟ್ಯೂಬ್‌ಲೈಟ್ ತೆಗೆದು ಎಲ್‌ಇಡಿ ಹಾಕಿದ ಕಡೆ ಒಳಗಿನ ಸೆಕೆ ಕಡಿಮೆಯಾಯಿತು, ಬಿಸಿಲಿನ ದಿನಗಳಲ್ಲಿ ಕುಸಿಯುತ್ತಿದ್ದ ಕೆಲಸದ ವೇಗ ಬಹುಮಟ್ಟಿಗೆ ಉಳಿದುಕೊಂಡಿತು. ಎಲ್‌ಇಡಿ ಹಾಕಿದ್ದು ಕರೆಂಟ್ ಬಿಲ್ ಉಳಿಸಲು. ಆದರೆ ಹೆಚ್ಚಿದ ಉತ್ಪಾದನೆಯ ಲಾಭ ಸೇರಿದ್ದರಿಂದ ಹಾಕಿದ ದುಡ್ಡು ಎಣಿಸಿದ್ದಕ್ಕಿಂತ ಎಷ್ಟೋ ಬೇಗ ವಾಪಸ್ ಬಂತು. ಸೆಕೆಯಿಂದ ಆಗುತ್ತಿದ್ದ ನಷ್ಟ ಅಲ್ಲಿಯವರೆಗೂ ಇತ್ತು, ಯಾರೂ ಲೆಕ್ಕಕ್ಕೆ ಹಿಡಿದಿರಲಿಲ್ಲ.

ಮಗುವಿನ ಮೊದಲ ಸಾವಿರ ದಿನ

ದೊಡ್ಡವರ ರಕ್ತಹೀನತೆಗಾದರೂ ಮಾತ್ರೆ ಉಂಟು. ಮಗುವಿನ ಕಥೆ ಬೇರೆ. ಗರ್ಭದಲ್ಲಿರುವ ದಿನ ಮತ್ತು ಹುಟ್ಟಿದ ಮೊದಲ ಎರಡು ವರ್ಷ ಸೇರಿ ಸುಮಾರು ಸಾವಿರ ದಿನ. ಮಿದುಳು ಅತಿ ವೇಗವಾಗಿ ಬೆಳೆಯುವುದು ಆಗಲೇ. ಆ ಹೊತ್ತಿನಲ್ಲಿ ಊಟ ಸಾಲದಿದ್ದರೆ, ಅಥವಾ ಕೊಳಕು ನೀರಿನಿಂದ ಮತ್ತೆ ಮತ್ತೆ ಭೇದಿಯಾಗಿ ತಿಂದದ್ದು ಮೈಗೆ ಹತ್ತದಿದ್ದರೆ, ಆಮೇಲೆ ಎಷ್ಟೇ ಚೆನ್ನಾಗಿ ತಿನ್ನಿಸಿದರೂ ಪೂರ್ತಿ ಸರಿಹೋಗುವುದು ಕಷ್ಟ.

ಗ್ವಾಟೆಮಾಲಾದಲ್ಲಿ 1969ರಿಂದ 1977ರವರೆಗೆ ನಾಲ್ಕು ಹಳ್ಳಿಗಳಲ್ಲಿ ಒಂದು ಪ್ರಯೋಗ ನಡೆಯಿತು. ಎರಡು ಹಳ್ಳಿಗಳ ಮಕ್ಕಳಿಗೆ ಪ್ರೊಟೀನ್ ಇರುವ ಗಂಜಿ, ಇನ್ನೆರಡು ಹಳ್ಳಿಗಳಲ್ಲಿ ಪ್ರೊಟೀನ್ ಇಲ್ಲದ ಸಿಹಿ ಪಾನೀಯ. ಆ ಮಕ್ಕಳು ದೊಡ್ಡವರಾದ ಮೇಲೆ ಅವರನ್ನು ಹುಡುಕಿ ಗಳಿಕೆ ಲೆಕ್ಕ ಹಾಕಿದರು. ತೀರಾ ಚಿಕ್ಕ ವಯಸ್ಸಿನಲ್ಲಿ ಗಂಜಿ ಸಿಕ್ಕಿದ್ದ ಗಂಡಸರ ಗಂಟೆಗೂಲಿ ಶೇ 46ರಷ್ಟು ಜಾಸ್ತಿ ಇತ್ತು. ಮೂರು ವರ್ಷ ದಾಟಿದ ಮೇಲೆ ಕುಡಿದವರಿಗೆ ಆ ಲಾಭ ಕಾಣಲಿಲ್ಲ. ಹೆಂಗಸರ ಕೂಲಿಯಲ್ಲೂ ಅಂಥ ಏರಿಕೆ ಕಾಣಲಿಲ್ಲ. ಈ ಕೊನೆಯ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ನಮ್ಮಲ್ಲಿ ಈ ಕೆಲಸ ಮಾಡಬೇಕಾದದ್ದು ಅಂಗನವಾಡಿ. 1975ರಲ್ಲಿ ದೇಶದಲ್ಲಿ ಈ ಯೋಜನೆ ಶುರುವಾದಾಗ ಕರ್ನಾಟಕದಲ್ಲಿ ಮೊದಲು ಬಂದದ್ದು ಮೈಸೂರು ಜಿಲ್ಲೆಯ ತಿ. ನರಸೀಪುರ ತಾಲ್ಲೂಕಿಗೆ. ಐವತ್ತು ವರ್ಷವಾಯಿತು. ಆದರೆ ಅಂಗನವಾಡಿ ಅಂದರೆ ನಮ್ಮ ಕಣ್ಣ ಮುಂದೆ ಬರುವುದು ಮೂರು ವರ್ಷ ದಾಟಿದ ಮಕ್ಕಳು ಸಾಲಾಗಿ ಕೂತು ಹಾಡು ಹೇಳುವ ಚಿತ್ರ. ಅತಿ ಮುಖ್ಯವಾದ ಎರಡು ವರ್ಷದ ಒಳಗಿನ ಮಗು ಅಲ್ಲಿ ಕೂರುವುದಿಲ್ಲ, ಮನೆಯಲ್ಲಿರುತ್ತದೆ. ಅದರ ಪಾಲು ಪೊಟ್ಟಣದಲ್ಲಿ ಮನೆಗೆ ಹೋಗುತ್ತದೆ, ಹೋದ ಮೇಲೆ ಮನೆಯವರೆಲ್ಲ ಹಂಚಿಕೊಂಡು ತಿಂದರೆ ಕೇಳುವವರಿಲ್ಲ. ಬೆಂಗಳೂರಿನ ಕಟ್ಟಡ ಕೆಲಸದ ಶೆಡ್‌ಗಳಲ್ಲಿ ಬೆಳೆಯುವ ಮಗುವಿನದು ಇನ್ನೂ ಕಷ್ಟ. ಒಂದು ಸೈಟ್ ಮುಗಿದರೆ ಅಪ್ಪ ಅಮ್ಮ ಇನ್ನೊಂದಕ್ಕೆ ಹೋಗುತ್ತಾರೆ, ಹೆಸರು ಹಳೆಯ ಅಂಗನವಾಡಿಯಲ್ಲೇ ಉಳಿಯುತ್ತದೆ.

ಶಾಲೆಯ ಮೊಟ್ಟೆ ಬಗ್ಗೆ ನಮ್ಮ ರಾಜ್ಯದಲ್ಲಿ ಎಷ್ಟು ಗಲಾಟೆಯಾಯಿತು ಅಂತ ಎಲ್ಲರಿಗೂ ಗೊತ್ತು. ಆಮೇಲೆ ಅಜೀಂ ಪ್ರೇಮ್‌ಜಿ ಫೌಂಡೇಶನ್ ನೆರವಿನಿಂದ ವಾರಕ್ಕೆ ಆರು ದಿನ ಕೊಡುವ ಹಂತಕ್ಕೆ ಬಂತು, ಬೇಡವೆಂದವರಿಗೆ ಬಾಳೆಹಣ್ಣು ಅಥವಾ ಚಿಕ್ಕಿ. ಒಳ್ಳೆಯದೇ, ಹಸಿದ ಹೊಟ್ಟೆಯಲ್ಲಿ ಮಗ್ಗಿ ತಲೆಗೆ ಹೋಗಲ್ಲ. ಆದರೆ ಕುಳ್ಳಗೆ ಉಳಿಯುವ ತೊಂದರೆ ಶಾಲೆಗೆ ಸೇರುವ ಮೊದಲೇ ಆಗಿಹೋಗಿರುತ್ತದೆ.

‘ಮೊದಲು ದುಡ್ಡು ಬರಲಿ’ ಅನ್ನುವವರ ವಾದ

ಇದಕ್ಕೆ ಎದುರು ವಾದ ಇದೆ, ಅದು ಹಗುರವಾದುದಲ್ಲ. ಆದಾಯ ಹೆಚ್ಚಿದ ದೇಶಗಳಲ್ಲಿ ಮಕ್ಕಳ ಸಾವು ತಾನಾಗಿ ಇಳಿಯುತ್ತದೆ, ಹಾಗಾಗಿ ಕಾರ್ಖಾನೆ, ರಸ್ತೆ, ಕರೆಂಟಿಗೆ ಗಮನ ಕೊಡಿ, ಆರೋಗ್ಯ ಹಿಂದೆಯೇ ಬರುತ್ತದೆ ಎಂದು 1996ರಷ್ಟು ಹಿಂದೆಯೇ ಅರ್ಥಶಾಸ್ತ್ರಜ್ಞರಾದ ಲ್ಯಾಂಟ್ ಪ್ರಿಚೆಟ್ ಮತ್ತು ಲಾರೆನ್ಸ್ ಸಮ್ಮರ್ಸ್ ಬರೆದ ಪ್ರಬಂಧದ ಆಧಾರದಲ್ಲಿ ವಾದಿಸುವವರಿದ್ದಾರೆ. ಇದಕ್ಕೆ ಎದುರಾಗಿ, ವಿಶ್ವ ಆರೋಗ್ಯ ಸಂಸ್ಥೆ ನೇಮಿಸಿದ, ಅರ್ಥಶಾಸ್ತ್ರಜ್ಞ ಜೆಫ್ರಿ ಸ್ಯಾಕ್ಸ್ ನೇತೃತ್ವದ ಆಯೋಗ 2001ರಲ್ಲಿ, ಬಡ ದೇಶಗಳಲ್ಲಿ ಆರೋಗ್ಯಕ್ಕೆ ಹಾಕುವ ದುಡ್ಡು ಬೆಳವಣಿಗೆಗೆ ಹಾಕುವ ಬಂಡವಾಳವೇ ಎಂದಿತು.

ಆಯೋಗದ ಈ ಮಾತಿಗೆ ಗಟ್ಟಿಯಾದ ಪೆಟ್ಟು ಕೊಟ್ಟವರು ಡ್ಯಾರನ್ ಅಸೆಮೊಗ್ಲು ಮತ್ತು ಸೈಮನ್ ಜಾನ್ಸನ್. 2024ರ ಅರ್ಥಶಾಸ್ತ್ರ ನೊಬೆಲ್ ಪಡೆದವರಲ್ಲಿ ಇಬ್ಬರು. 1940ರ ನಂತರ ಪೆನಿಸಿಲಿನ್, ಡಿಡಿಟಿ, ಲಸಿಕೆಗಳು ಬಂದು ಬಡ ದೇಶಗಳಲ್ಲಿ ಆಯಸ್ಸು ದಿಢೀರನೆ ಹೆಚ್ಚಿತು. ಆದರೆ ಜನಸಂಖ್ಯೆಯೂ ಹೆಚ್ಚಿತು. ಜಮೀನು, ಯಂತ್ರ ಇದ್ದಷ್ಟೇ, ಹಂಚಿಕೊಳ್ಳುವ ಬಾಯಿ ಜಾಸ್ತಿ. ಹಾಗಾಗಿ ತಲಾ ಆದಾಯ ಏರಿದ್ದಕ್ಕೆ ಸಾಕ್ಷಿ ಸಿಗಲಿಲ್ಲ ಅಂತ ಅವರು 2007ರಲ್ಲಿ ಬರೆದರು. ಭಾರತದ 1950ರ ದಶಕದ ಮಲೇರಿಯಾ ನಿಯಂತ್ರಣದ ಮೇಲೆ ನಡೆದ ಅಧ್ಯಯನದಲ್ಲೂ ಸಿಕ್ಕ ಲಾಭ ಚಿಕ್ಕದು: ಆಗ ಮಕ್ಕಳಾಗಿದ್ದ ಗಂಡಸರ ಸಂಸಾರಗಳ ಖರ್ಚು ಮಾಡುವ ಶಕ್ತಿ ಒಂದಿಷ್ಟು ಹೆಚ್ಚಿತ್ತು, ಓದಿನಲ್ಲಿ ಖಚಿತವಾದ ಲಾಭ ಕಾಣಲಿಲ್ಲ.

ಆದರೆ ಈ ವಾದ ಇವತ್ತಿನ ಕರ್ನಾಟಕಕ್ಕೆ ಹೊಂದುತ್ತದಾ? ಅದು ನಿಂತಿರುವುದು ‘ಆಯಸ್ಸು ಹೆಚ್ಚಿದರೆ ಜನಸಂಖ್ಯೆ ಹೆಚ್ಚುತ್ತದೆ’ ಅನ್ನುವುದರ ಮೇಲೆ. ಇಲ್ಲಿ ಒಬ್ಬ ಹೆಂಗಸಿಗೆ ಸರಾಸರಿ 1.7 ಮಕ್ಕಳು, ಜನಸಂಖ್ಯೆ ಹಾಗೇ ಉಳಿಯಲು ಬೇಕಾದ ಸುಮಾರು 2.1ಕ್ಕಿಂತ ಕಡಿಮೆ. ಇನ್ನು ಮುಂದೆ ನಮ್ಮಲ್ಲಿ ದುಡಿಯುವ ಕೈ ಕಡಿಮೆಯಾಗುತ್ತಾ, ಸಾಕಬೇಕಾದ ವಯಸ್ಸಾದವರು ಹೆಚ್ಚುತ್ತಾ ಹೋಗುತ್ತಾರೆ. ಇರುವ ಪ್ರತಿ ಮಗುವೂ ಗಟ್ಟಿಯಾಗಿ ಬೆಳೆಯಬೇಕಾದ ಒತ್ತಡ ಐವತ್ತರ ದಶಕದಲ್ಲಿ ಇರಲಿಲ್ಲ, ಈಗ ಇದೆ.

ಆ ವಾದದಿಂದ ಉಳಿಸಿಕೊಳ್ಳಬೇಕಾದ ಮಾತೂ ಒಂದಿದೆ. ಆರೋಗ್ಯ ತಾನಾಗಿ ದುಡ್ಡಾಗುವುದಿಲ್ಲ, ಕೆಲಸ ಬೇಕು. ಗ್ವಾಟೆಮಾಲಾದ ಹೆಂಗಸರಲ್ಲಿ ಹೊಟ್ಟೆಗೆ ಸೇರಿದ್ದು ಕೂಲಿಯಾಗಿ ಹೊರಬರಲಿಲ್ಲ. ಕೇರಳ ಎಷ್ಟೋ ದಶಕ ಒಳ್ಳೆಯ ಆರೋಗ್ಯ, ಕಡಿಮೆ ಆದಾಯ ಇಟ್ಟುಕೊಂಡೇ ಇತ್ತು. ಅಲ್ಲಿನವರು ಗಲ್ಫಿಗೆ ಹೋಗಿ ಅದನ್ನು ದುಡ್ಡು ಮಾಡಿಕೊಂಡರು. ಕರ್ನಾಟಕದ ಸ್ಥಿತಿ ತಿರುಗುಮುರುಗು: ಕೆಲಸ ಇದೆ, ಮಾಡಬೇಕಾದ ಮೈಯಲ್ಲಿ ಕಸುವು ಸಾಲದು.

ಅಂಕಿಯೇ ಸರಿಯಿಲ್ಲ ಅನ್ನುವವರು

ಇನ್ನೊಂದು ತಕರಾರು ಬೆಂಗಳೂರಿನಿಂದಲೇ ಬಂದಿದೆ. ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಅನುರಾ ಕುರ್ಪಾಡ್ ಸೇರಿದಂತೆ ಕೆಲವು ಸಂಶೋಧಕರು, ವಿಶ್ವ ಆರೋಗ್ಯ ಸಂಸ್ಥೆಯ ಹಿಮೋಗ್ಲೋಬಿನ್ ಗಡಿ ಭಾರತದ ಮಕ್ಕಳಿಗೆ ಎತ್ತರವಾಯಿತು, ಆರೋಗ್ಯವಾಗಿರುವ ಎಷ್ಟೋ ಮಕ್ಕಳೂ ರಕ್ತಹೀನರ ಪಟ್ಟಿಗೆ ಸೇರುತ್ತಿದ್ದಾರೆ ಅಂತ 2021ರಲ್ಲಿ ತೋರಿಸಿದರು. ಬೆರಳು ಚುಚ್ಚಿ ತೆಗೆದ ಹನಿ ರಕ್ತಕ್ಕೂ ನರದಿಂದ ತೆಗೆದ ರಕ್ತಕ್ಕೂ ಫಲಿತಾಂಶ ಬೇರೆ ಬರುತ್ತದೆ ಅನ್ನುವುದು ಇನ್ನೊಂದು ಮಾತು. ಆರನೇ ಕುಟುಂಬ ಆರೋಗ್ಯ ಸಮೀಕ್ಷೆಯಿಂದ ರಕ್ತಹೀನತೆಯ ಪರೀಕ್ಷೆಯನ್ನೇ ಕೈಬಿಟ್ಟು ಬೇರೆ ಸಮೀಕ್ಷೆಗೆ ಒಪ್ಪಿಸಲಾಯಿತು. ಎತ್ತರದ ಅಳತೆಗೂ ಇಂಥದೇ ಆಕ್ಷೇಪ ಇದೆ: ಭಾರತದ ಮಕ್ಕಳಿಗೆ ಆ ಅಳತೆಗೋಲು ಸರಿಯಲ್ಲ ಅಂತ ಅರ್ಥಶಾಸ್ತ್ರಜ್ಞ ಅರವಿಂದ್ ಪನಗರಿಯಾ ಬಹಳ ಹಿಂದೆಯೇ ವಾದಿಸಿದ್ದರು.

ಅಳತೆಯ ಜಗಳ ನಿಜವಾದದ್ದು, ತಳ್ಳಿಹಾಕುವಂಥದ್ದಲ್ಲ. ಆದರೆ ಗಡಿ ಎಲ್ಲೇ ಎಳೆಯಿರಿ, ಅದೇ ಅಳತೆಗೋಲಿನಲ್ಲಿ ಯಾದಗಿರಿಗೂ ಬೆಂಗಳೂರಿಗೂ ಇರುವ ದೂರ ಹಾಗೇ ಇರುತ್ತದಲ್ವಾ?

70 ಗಂಟೆಯ ಮಾತು

2023ರ ಅಕ್ಟೋಬರಿನಲ್ಲಿ ಇನ್ಫೊಸಿಸ್‌ನ ನಾರಾಯಣ ಮೂರ್ತಿ, ಯುವಕರು ವಾರಕ್ಕೆ 70 ಗಂಟೆ ದುಡಿಯಬೇಕು ಅಂದರು. 2025ರಲ್ಲಿ ರಾಜ್ಯ ಸರ್ಕಾರವೇ ದಿನದ ಕೆಲಸದ ಮಿತಿಯನ್ನು 9ರಿಂದ 10 ಗಂಟೆಗೆ ಏರಿಸುವ ಪ್ರಸ್ತಾಪ ಮುಂದಿಟ್ಟಿತು, ಐಟಿ ನೌಕರರ ಸಂಘ ಬೀದಿಗಿಳಿಯಿತು. ಮೇಲೆ ಹೇಳಿದ ಗುಣಾಕಾರ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಗಂಟೆ ಜಾಸ್ತಿ ಮಾಡಿದರೆ ಮೂರರಲ್ಲಿ ಒಂದು ಹೆಚ್ಚುತ್ತದೆ ನಿಜ. ಉಳಿದೆರಡು? ವಾರಕ್ಕೆ 55 ಗಂಟೆ ಅಥವಾ ಅದಕ್ಕಿಂತ ಜಾಸ್ತಿ ದುಡಿಯುವವರಿಗೆ, 35ರಿಂದ 40 ಗಂಟೆ ದುಡಿಯುವವರಿಗಿಂತ ಪಾರ್ಶ್ವವಾಯುವಿನ ಅಪಾಯ ಶೇ 35ರಷ್ಟು, ಹೃದಯ ಕಾಯಿಲೆಯಿಂದ ಸಾಯುವ ಅಪಾಯ ಶೇ 17ರಷ್ಟು ಹೆಚ್ಚು ಅಂತ ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 2021ರಲ್ಲಿ ಹೇಳಿದವು. ಬಿಪಿ, ಶುಗರ್ ಬರುವುದು ನಲವತ್ತರ ಆಸುಪಾಸು. ಕೆಲಸ ಕಲಿತು ಕೈ ಪಳಗುವ ಹೊತ್ತೂ ಅದೇ. ಇಪ್ಪತ್ತೈದರ ಹುಡುಗನಿಂದ ಹತ್ತು ಗಂಟೆ ಜಾಸ್ತಿ ತೆಗೆದುಕೊಂಡು, ಐವತ್ತರಲ್ಲಿ ಅವನನ್ನೇ ಕಳೆದುಕೊಳ್ಳುವುದು ಬರೀ ವ್ಯಾಪಾರದ ಲೆಕ್ಕದಲ್ಲೂ ಲಾಭವಲ್ಲ. ಆದರೆ ಆ ನಷ್ಟ ಕಂಪನಿಯ ಪುಸ್ತಕಕ್ಕೆ ಬರುವುದಿಲ್ಲ. ಅಷ್ಟು ಹೊತ್ತಿಗೆ ಅವನು ಬೇರೆಲ್ಲೋ ಇರುತ್ತಾನೆ, ಖರ್ಚು ಮನೆಯವರ ಮೇಲೆ.

ಒಡವೆ, ಮೀಟರ್ ಬಡ್ಡಿ, ಆಸ್ಪತ್ರೆ

ಒಂದು ಮನೆ ಬಡತನಕ್ಕೆ ಜಾರುವುದು ಹೇಗೆ? ಮೊದಲು ಒಡವೆ ಅಡ ಇಡುತ್ತಾರೆ, ಆಮೇಲೆ ಚೀಟಿ ದುಡ್ಡು ಮೊದಲೇ ಎತ್ತುತ್ತಾರೆ, ಆಮೇಲೆ ಮೀಟರ್ ಬಡ್ಡಿ. ಮಗನ ಕಾಲೇಜು ನಿಲ್ಲುತ್ತದೆ. ಒಂದು ಕಾಯಿಲೆ ಮುಂದಿನ ತಲೆಮಾರಿನ ಗಳಿಕೆಯನ್ನೂ ತಿನ್ನುವುದು ಹೀಗೆ. ದೇಶದ ಒಟ್ಟು ಆರೋಗ್ಯ ವೆಚ್ಚದಲ್ಲಿ ಜನ ಜೇಬಿನಿಂದ ಕೊಡುವ ಪಾಲು 2013-14ರಲ್ಲಿ ಶೇ 64.2 ಇದ್ದದ್ದು 2021-22ಕ್ಕೆ ಶೇ 39.4ಕ್ಕೆ ಇಳಿದಿದೆ ಅನ್ನುತ್ತದೆ ಸರ್ಕಾರದ ಲೆಕ್ಕ. ‘ನಮ್ಮ ಬಿಲ್ಲು ಇಳಿದಿಲ್ಲವಲ್ಲ’ ಅಂತ ನಿಮಗೆ ಅನಿಸಿದರೆ ತಪ್ಪಿಲ್ಲ. ಇಳಿದದ್ದು ಪಾಲು, ಮೊತ್ತವಲ್ಲ. ಅದರಲ್ಲೂ ಅದು ಕೋವಿಡ್‌ಗಾಗಿ ಸರ್ಕಾರ ಜಾಸ್ತಿ ಖರ್ಚು ಮಾಡಿದ ವರ್ಷ.

ವಿಮೆ ಕೆಲಸ ಮಾಡಿದ್ದಕ್ಕೆ ನಮ್ಮಲ್ಲೇ ಒಳ್ಳೆಯ ಸಾಕ್ಷಿ ಇದೆ. 2010ರಲ್ಲಿ ಬಂದ, ಬಡವರಿಗಾಗಿನ ವಾಜಪೇಯಿ ಆರೋಗ್ಯಶ್ರೀ ಯೋಜನೆ ಮೊದಲು ಉತ್ತರದ ಜಿಲ್ಲೆಗಳಲ್ಲಷ್ಟೇ ಇತ್ತು. ಹಾಗಾಗಿ ಗಡಿಯ ಈಚೆ ಆಚೆಯ ಹಳ್ಳಿಗಳನ್ನು ಹೋಲಿಸಿ ನೋಡಲು ಆಯಿತು. ಯೋಜನೆ ಇದ್ದ ಕಡೆ ಬಡವರಲ್ಲಿ, ಯೋಜನೆಯಡಿ ಬರುವ ಕಾಯಿಲೆಗಳಿಂದ ಆದ ಸಾವು ಶೇ 0.32, ಇಲ್ಲದ ಕಡೆ ಶೇ 0.90. ಜೇಬಿನ ಖರ್ಚೂ ಕಡಿಮೆ ಇತ್ತು. ಆದರೆ ಇಂಥ ಯೋಜನೆ ಕೈ ಹಿಡಿಯುವುದು ಆಸ್ಪತ್ರೆಗೆ ಸೇರಿದ ಮೇಲೆ. ತಿಂಗಳು ತಿಂಗಳು ಕೊಳ್ಳುವ ಶುಗರ್ ಮಾತ್ರೆಗೆ ಮೆಡಿಕಲ್ ಸ್ಟೋರ್‌ನಲ್ಲಿ ಕಾರ್ಡ್ ನಡೆಯುವುದಿಲ್ಲ.

ಬಜೆಟ್‌ನಲ್ಲಿ ಯಾಕೆ ಹಿಂದೆ ಬೀಳುತ್ತದೆ

2017ರ ರಾಷ್ಟ್ರೀಯ ಆರೋಗ್ಯ ನೀತಿ, ಸರ್ಕಾರದ ಆರೋಗ್ಯ ವೆಚ್ಚ 2025ಕ್ಕೆ ಜಿಡಿಪಿಯ ಶೇ 2.5 ಆಗಬೇಕು ಎಂದಿತ್ತು. ರಾಜ್ಯಗಳು ತಮ್ಮ ಬಜೆಟ್‌ನ ಶೇ 8ರಷ್ಟು ಇದಕ್ಕೆ ಇಡಬೇಕು ಅಂತಲೂ ಇತ್ತು. ದೇಶದ ಲೆಕ್ಕ 2021-22ರಲ್ಲಿ ಶೇ 1.84. ಕರ್ನಾಟಕದ 2025-26ರ ಬಜೆಟ್ 4,09,549 ಕೋಟಿ, ಅದರಲ್ಲಿ ಆರೋಗ್ಯಕ್ಕೆ 17,473 ಕೋಟಿ. ಶೇ 4ಕ್ಕಿಂತ ಒಂಚೂರು ಜಾಸ್ತಿ. ಐದು ಗ್ಯಾರಂಟಿಗಳಿಗೆ ಸುಮಾರು 51,000 ಕೋಟಿ.

ಇಲ್ಲಿ ಗ್ಯಾರಂಟಿ ಬೈಯುವುದು ಸುಲಭ, ಅದು ಪೂರ್ತಿ ನ್ಯಾಯವೂ ಅಲ್ಲ. ಗೃಹಲಕ್ಷ್ಮಿಯ ಎರಡು ಸಾವಿರ ಮನೆಗೆ ಬೇಳೆ, ಮೊಟ್ಟೆ ತಂದರೆ ಅದೂ ಆರೋಗ್ಯದ ಖರ್ಚೇ. ಮಂಗಳೂರಿನ ಯೆನೆಪೋಯ ವೈದ್ಯಕೀಯ ಕಾಲೇಜಿನ ವೈದ್ಯರು ಜಾರ್ಖಂಡ್‌ನಲ್ಲಿ ನಡೆಸಿದ ಅಧ್ಯಯನ 2023ರಲ್ಲಿ ಪ್ರಕಟವಾಯಿತು. ಕ್ಷಯ ರೋಗಿಯ ಮನೆಯವರಿಗೆಲ್ಲ ಅಕ್ಕಿ, ಬೇಳೆಯಂಥ ರೇಷನ್ ಕೊಟ್ಟರೆ ಆ ಮನೆಯಲ್ಲಿ ಹೊಸದಾಗಿ ಕ್ಷಯ ಬರುವುದು ಶೇ 40ರ ಆಸುಪಾಸು ಕಡಿಮೆಯಾಯಿತು. ಕ್ಷಯದ ಔಷಧಿಯಲ್ಲ, ಊಟ ಮತ್ತು ಒಂದಿಷ್ಟು ಪೋಷಕಾಂಶ. ಹಾಗಾಗಿ ಗ್ಯಾರಂಟಿಯೋ ಆರೋಗ್ಯವೋ ಅನ್ನುವ ಜಗಳಕ್ಕಿಂತ, ಆರೋಗ್ಯದ ದುಡ್ಡು ಎಲ್ಲಿಗೆ ಹೋಗುತ್ತಿದೆ ಅನ್ನುವುದು ದೊಡ್ಡ ಪ್ರಶ್ನೆ.

ಸೂಪರ್ ಸ್ಪೆಷಾಲಿಟಿ ಆಸ್ಪತ್ರೆಗೆ ಟೇಪ್ ಕತ್ತರಿಸಬಹುದು. ಬರದೇ ಹೋದ ಭೇದಿಗೆ ಟೇಪ್ ಇಲ್ಲ. ಇವತ್ತು ಹುಟ್ಟಿದ ಮಗು ದುಡಿಯಲು ಇಪ್ಪತ್ತು ವರ್ಷ ಬೇಕು, ಅಷ್ಟರಲ್ಲಿ ನಾಲ್ಕು ಚುನಾವಣೆ ಕಳೆದಿರುತ್ತದೆ. ಲಾಭ ತರುವವರು ಒಬ್ಬರು, ಹೆಸರು ಪಡೆಯುವವರು ಇನ್ನೊಬ್ಬರು.

ಬೆಂಗಳೂರು ಒಮ್ಮೆ ಬೇರೆ ರೀತಿ ಯೋಚಿಸಿದ್ದೂ ಇದೆ, ಆದರೆ ಹೆದರಿಕೊಂಡ ಮೇಲೆ. 1898ರಲ್ಲಿ ರೈಲಿನ ಜೊತೆ ಪ್ಲೇಗ್ ಬಂತು. ಜನ ಊರು ಬಿಟ್ಟರು, ಪೇಟೆಯ ವ್ಯಾಪಾರ ನಿಂತಿತು. ಇವತ್ತಿಗೂ ಕೆಲವು ಬೀದಿಗಳಲ್ಲಿ ಪ್ಲೇಗಮ್ಮನ ಗುಡಿ ಇರುವುದು ಆ ಕಾಲದ ಗುರುತು. ಅಗಲ ರಸ್ತೆ, ಗಾಳಿ ಬೆಳಕು, ಕಸ ಸಾಗಿಸಲು ಹಿಂದಿನ ಓಣಿ ಇರುವ ಮಲ್ಲೇಶ್ವರ, ಬಸವನಗುಡಿಯ ಯೋಜನೆ ಮೊದಲೇ ಇತ್ತು, ಕಟ್ಟುವುದಕ್ಕೆ ವೇಗ ಬಂದದ್ದು ಆ ಹೊಡೆತದ ಮೇಲೆ. ಅದು ಆರೋಗ್ಯದ ಖರ್ಚು. ಆ ಜಾಗದ ಬೆಲೆ ಈಗ ಎಷ್ಟು ಅಂತ ನಿಮಗೇ ಗೊತ್ತು.

ಈಗ ಬೆಂಗಳೂರಿಗೆ 2025ರ ಸೆಪ್ಟೆಂಬರಿನಿಂದ ಐದು ನಗರ ಪಾಲಿಕೆಗಳು. ಬಿಬಿಎಂಪಿ ಕಾಲದಲ್ಲಿ ವಾರ್ಡಿಗೊಂದರಂತೆ ಯೋಜಿಸಿದ ನಮ್ಮ ಕ್ಲಿನಿಕ್‌ಗಳಲ್ಲಿ ಬಿಪಿ, ಶುಗರ್ ಮಾತ್ರೆ ತಿಂಗಳ ಕೊನೆಯವರೆಗೂ ಸಿಗುತ್ತದಾ, ಕಟ್ಟಡ ಕಾರ್ಮಿಕರ ಶೆಡ್‌ಗಳ ಮಕ್ಕಳ ತೂಕ ಯಾವ ಅಂಗನವಾಡಿ ನೋಡುತ್ತದೆ, ಗುಳೆ ಬಂದ ಬಸುರಿಯ ತಾಯಿ ಕಾರ್ಡ್ ಯಾವ ಊರಿನದು. ಮುಂದಿನ ಮಾರ್ಚ್‌ನಲ್ಲಿ ಬಜೆಟ್ ಪುಸ್ತಕ ಬಂದಾಗ ಒಟ್ಟು ಮೊತ್ತ ಬಿಟ್ಟು ಈ ಸಾಲುಗಳನ್ನು ಹುಡುಕಿ ನೋಡಿ. ಸಣ್ಣ ಅಕ್ಷರದಲ್ಲಿ, ಒಳಪುಟದಲ್ಲಿ ಇರುತ್ತವೆ.